ಕನಿಗೂ ಬೆಟ್ಟದ ಬುಡದಲ್ಲಿ ಆರು ದಿನ: ಅಮ್ಮ ಆ ಮಠದ ತನಕ ಹತ್ತಬಲ್ಲರಾ?

ಹೆಜ್ಜೆಗುರುತು

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಫ್ರಾನ್ಸಿನ ಟುಲೂಸ್‌ಗೆ ಬಂದು ನನಗೆ ಎರಡು ವರ್ಷ ಆಯಿತು. ಅಮ್ಮ ತೀರ್ಥಹಳ್ಳಿಯಿಂದ ಮೂರು ತಿಂಗಳಿಗೆ ಬಂದಿದ್ದಾರೆ. ವಯಸ್ಸು 64, ಎಡ ಮಂಡಿ ಸ್ವಲ್ಪ ತಕರಾರು. ಜೊತೆಗೆ 11 ವರ್ಷದ ಮಗಳು. ಪ್ಯಾರಿಸ್ ತೋರಿಸಿ ಆಯಿತು. ಐಫೆಲ್ ಗೋಪುರದ ಕೆಳಗೆ ನಿಂತು ಅಮ್ಮ ಹೇಳಿದ್ದು ಒಂದೇ ಮಾತು, "ಇಷ್ಟೊಂದು ಜನ ಯಾಕೆ ಬಂದಿದ್ದಾರೆ?" ಅವರಿಗೆ ಬೆಟ್ಟ, ಹೊಳೆ, ಹಳೇ ಗುಡಿ ಇರುವ ಸಣ್ಣ ಊರು ಬೇಕಂತೆ.

ಸೆಪ್ಟೆಂಬರ್ ನಡುವೆ ಆರು ದಿನ ರಜೆ ಇದೆ. ಫ್ರಾನ್ಸ್-ಸ್ಪೇನ್ ಗಡಿಯ ಪಿರನೀಸ್ ಬೆಟ್ಟಸಾಲಿನ ಪೂರ್ವ ತುದಿಯಲ್ಲಿ ವೆರ್ನೆ-ಲೆ-ಬ್ಯಾಂ ಅನ್ನೋ ಹಳ್ಳಿಯಲ್ಲಿ ಮನೆ ಬಾಡಿಗೆಗೆ ಹಿಡಿದಿದ್ದೇನೆ. ಕಾರು ಇಲ್ಲ. ಅಲ್ಲಿ ಏನೇನು ನೋಡಬಹುದು? ಮುಖ್ಯವಾಗಿ, ಬಂಡೆಯ ತುದಿಯಲ್ಲಿರುವ ಸೇಂಟ್ ಮಾರ್ಟಿನ್ ಮಠದ ಫೋಟೋ ಅಮ್ಮನ ಕಣ್ಣಿಗೆ ಬಿದ್ದಿದೆ. "ಇಲ್ಲಿಗೆ ಹೋಗೋಣ" ಅಂತ ಹಟ. ಅಲ್ಲಿಗೆ ವಾಹನ ಹೋಗುವುದಿಲ್ಲ ಅಂತ ಓದಿದೆ. ಮಂಡಿ ನೋವಿರುವವರು ಹತ್ತಬಹುದಾ?

ಟುಲೂಸಿನ_ಅಕ್ಕ

ಒಳ್ಳೆ ಊರು ಹಿಡಿದಿದ್ದೀರಿ. ನಾನು ಐದು ಸಲ ಹೋಗಿದ್ದೇನೆ, ಒಂದು ಸಲ ಹಿಮದಲ್ಲಿ.

ಮೊದಲು ಭೂಗೋಳ. ವೆರ್ನೆ ಇರೋದು ಸುಮಾರು 650 ಮೀಟರ್ ಎತ್ತರದಲ್ಲಿ. ತಲೆಯ ಮೇಲೆಯೇ ಕನಿಗೂ ಶಿಖರ, 2784 ಮೀಟರ್. ಸಮುದ್ರ ಹತ್ತಿರವೇ ಇರುವುದರಿಂದ ಈ ಬೆಟ್ಟ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹಿಂದೆ ಇಡೀ ಪಿರನೀಸ್‌ನಲ್ಲಿ ಇದೇ ಅತಿ ಎತ್ತರದ್ದು ಅಂತ ಜನ ನಂಬಿದ್ದರು. ನಿಜಕ್ಕೂ 3000 ಮೀಟರ್ ದಾಟಿದ ಶಿಖರಗಳು ಪಶ್ಚಿಮಕ್ಕೆ ಬೇಕಾದಷ್ಟಿವೆ.

ಊರಲ್ಲಿ ಎರಡು ಭಾಗ. ಮೇಲೆ ಗುಡ್ಡದ ಮೇಲೆ ಹಳೇ ಕೇರಿ, ಚರ್ಚು, ಕೋಟೆಮನೆ. ಕೆಳಗೆ ಹೊಳೆ ಪಕ್ಕ ಬಿಸಿನೀರಿನ ಬುಗ್ಗೆಗಳ ಸ್ನಾನಗೃಹ, ದೊಡ್ಡ ಮರಗಳ ಪಾರ್ಕು. ಗಂಧಕದ ನೀರು. ಮೊದಲ ದಿನ ಮೂಗು ಮುಚ್ಚಿಕೊಳ್ಳುತ್ತೀರಿ, ಮೂರನೇ ದಿನ ವಾಸನೆಯೇ ಗೊತ್ತಾಗುವುದಿಲ್ಲ.

ಮಠದ ವಿಷಯ. ಕಾಸ್ತೆಯ್ ಅನ್ನೋ ಪುಟ್ಟ ಊರು ವೆರ್ನೆಯಿಂದ ಎರಡೂವರೆ ಕಿಲೋಮೀಟರ್. ಅಲ್ಲಿಂದ ಕಾಂಕ್ರೀಟ್ ಹಾಕಿದ ಕಡಿದಾದ ದಾರಿ. ಫಲಕದಲ್ಲಿ 40-50 ನಿಮಿಷ ಅಂತ ಬರೆದಿರುತ್ತಾರೆ. ಅದು ಫ್ರೆಂಚ್ ಅಜ್ಜಂದಿರ ಲೆಕ್ಕ. ಅಮ್ಮನಿಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಏರು ಸುಮಾರು 300 ಮೀಟರ್. ಜೀಪ್ ಸಿಗುತ್ತದೆ ಅಂತ ಹಳೇ ಗೈಡ್ ಪುಸ್ತಕಗಳಲ್ಲಿ ಇರುತ್ತದೆ, ಅದನ್ನು ನಂಬಿಕೊಂಡು ಹೋಗಬೇಡಿ.

ಸುಮ್ನೆ_ಓದುಗ

ಸ್ವಿಟ್ಜರ್ಲೆಂಡ್ ಬಿಟ್ಟು ಈ ಊರಿಗೆ ಯಾಕೆ ಸರ್? ಅಲ್ಲಾದರೆ ಕೇಬಲ್ ಕಾರ್ ಇರುತ್ತದೆ. ಮಂಡಿ ನೋವಿರುವವರನ್ನು ನಡೆಸಿ ಸಾಯಿಸಬೇಡಿ.

ಟುಲೂಸಿನ_ಅಕ್ಕ

@ಸುಮ್ನೆ_ಓದುಗ ಅಲ್ಲಿ ಒಂದು ಕಾಫಿಗೆ ಕೊಡೋ ದುಡ್ಡಲ್ಲಿ ಇಲ್ಲಿ ಮೂರು ಜನ ಬಸ್ಸಲ್ಲಿ ಹೋಗಬಹುದು. ಅಮ್ಮ ಕೇಳಿದ್ದು ಹಳೇ ಗುಡಿ, ಕೇಬಲ್ ಕಾರ್ ಅಲ್ಲ.

ಘಟ್ಟದ_ರೈಲು

ಸಕಲೇಶಪುರದವನು ನಾನು, ರೈಲು ಅಂದರೆ ನಿದ್ದೆಗೆಡುವ ಜಾತಿ. 2019ರಲ್ಲಿ ಬರೀ ಹಳದಿ ರೈಲಿಗೋಸ್ಕರ ಅಲ್ಲಿಗೆ ಹೋಗಿ ಬಂದೆ. ದಯವಿಟ್ಟು ಪರ್ಪಿನ್ಯಾಂ ನಗರದ ಕಡೆಯಿಂದ ಹೋಗಬೇಡಿ, ಅದು ಎಲ್ಲರೂ ಹೋಗುವ ದಾರಿ. ಟುಲೂಸ್‌ನಿಂದ ಹಿಂಬಾಗಿಲಲ್ಲಿ ನುಗ್ಗಿ.

ಬೆಳಿಗ್ಗೆ ಟುಲೂಸ್‌ನಲ್ಲಿ ಲಾತೂರ್-ದ-ಕರೋಲ್ ರೈಲು ಹತ್ತಿ. ಸುಮಾರು ಮೂರು ಗಂಟೆ. ಸ್ಪೇನ್ ಗಡಿಯ ಪಕ್ಕದ ಈ ಸ್ಟೇಷನ್‌ನಲ್ಲಿ ಮೂರು ಅಳತೆಯ ಹಳಿಗಳಿವೆ: ಫ್ರಾನ್ಸಿನ 1435 ಮಿಲಿಮೀಟರ್, ಸ್ಪೇನಿನ 1668, ಮತ್ತು ನಮ್ಮ ಹಳಬರಿಗೆಲ್ಲ ಪರಿಚಯದ ಮೀಟರ್ ಗೇಜ್. ಆ ಮೀಟರ್ ಗೇಜ್ ಮೇಲೆ ನಿಂತಿರೋದೇ ಹಳದಿ ರೈಲು. ಅಂಚಿಗೆ ಕೆಂಪು ಪಟ್ಟಿ. ಊರವರು 'ಕನಾರಿ' ಅಂತಾರೆ, ಹಳದಿ ಹಕ್ಕಿ.

ಲಾತೂರ್‌ನಿಂದ ವೆರ್ನೆ ಹತ್ತಿರದ ವಿಲ್‌ಫ್ರಾಂಶ್‌ವರೆಗೆ 63 ಕಿಲೋಮೀಟರ್. ಮೂರು ಗಂಟೆ ಹತ್ತಿರ ಹಿಡಿಯುತ್ತದೆ. ಅವಸರ ಇದ್ದವರು ಹತ್ತಲೇಬಾರದು. ನಡುವೆ ಬೋಲ್ಕೇರ್ ಅನ್ನೋ ಸ್ಟೇಷನ್, 1592 ಮೀಟರ್ ಎತ್ತರ. ಫ್ರೆಂಚ್ ರೈಲ್ವೆಯ ಅತಿ ಎತ್ತರದ ಸ್ಟೇಷನ್ ಇದೇ. ಅಲ್ಲಿಂದ ಇಳಿಜಾರು ಶುರು. ಕೆಲವು ಕಡೆ 100 ಮೀಟರಿಗೆ 6 ಮೀಟರ್ ಇಳಿಯುತ್ತದೆ. ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದಲ್ಲಿ 50ಕ್ಕೆ 1, ಅಂದರೆ 100ಕ್ಕೆ 2. ಮೂರು ಪಟ್ಟು ಕಡಿದು, ಅದೂ ಹಲ್ಲಿನ ಹಳಿ ಇಲ್ಲದೆ! ಇಂಜಿನ್ ಅಂತ ಪ್ರತ್ಯೇಕ ಇಲ್ಲ. ಹಳಿ ಪಕ್ಕ ಮೂರನೇ ಹಳಿಯೊಂದು ಓಡುತ್ತದೆ, 850 ವೋಲ್ಟ್ ಕರೆಂಟು ಅದರಲ್ಲಿ. ಬೋಗಿಗಳೇ ಅದರಿಂದ ಕರೆಂಟು ತಗೊಂಡು ಓಡುತ್ತವೆ. ಮಗಳಿಗೆ ಹೇಳಿ, ಹಳಿ ಮೇಲೆ ಇಳಿಯಲೇಬಾರದು.

ಆ ಕರೆಂಟು ಎಲ್ಲಿಂದ ಗೊತ್ತಾ? ರೈಲಿಗೆ ಅಂತಲೇ ಬೆಟ್ಟದ ಮೇಲೆ ಬುಯೂಜ್ ಅನ್ನೋ ಅಣೆಕಟ್ಟು ಕಟ್ಟಿದರು. 1910ರಲ್ಲಿ ವಿಲ್‌ಫ್ರಾಂಶ್‌ನಿಂದ ಮೋಂ-ಲೂಯಿ ತನಕ ರೈಲು ಬಂತು, ಮರುವರ್ಷ ಬೂರ್ಗ್-ಮದಾಮ್ ತನಕ, ಲಾತೂರ್ ಮುಟ್ಟಿದ್ದು 1927ರಲ್ಲಿ.

ಎರಡು ಸೇತುವೆ ನೋಡಲೇಬೇಕು. ಒಂದು ಸೆಜೂರ್ನೆ ಸೇತುವೆ, ಕಲ್ಲಿಂದು, ಹೊಳೆಯಿಂದ 65 ಮೀಟರ್ ಎತ್ತರ, ಎರಡು ಅಂತಸ್ತು. ಇನ್ನೊಂದು ಜಿಸ್ಕ್ಲಾರ್ ಸೇತುವೆ, ತೂಗುಸೇತುವೆ. ಅದರ ಮೇಲೆ ರೈಲು! ಇದನ್ನು ರೂಪಿಸಿದ ಆಲ್ಬೆರ್ ಜಿಸ್ಕ್ಲಾರ್ 1909ರ ಅಕ್ಟೋಬರ್ 31ರಂದು ಪರೀಕ್ಷಾ ಓಟದ ಅಪಘಾತದಲ್ಲಿ ತೀರಿಕೊಂಡರು, ಜೊತೆಗೆ ಇನ್ನೂ ಐದು ಜನ. ತಪ್ಪು ಸೇತುವೆಯದ್ದಲ್ಲ. ಇಳಿಜಾರಲ್ಲಿ ಬೋಗಿ ಹಿಡಿತ ತಪ್ಪಿ ಓಡಿತು. ಸೇತುವೆ ಮಾತ್ರ ಇವತ್ತಿಗೂ ರೈಲನ್ನು ಹೊರುತ್ತಿದೆ.

ಬಿಸಿಲು ದಿನ ಆದರೆ ಚಾವಣಿ ಇಲ್ಲದ ಬೋಗಿ ಹಾಕುತ್ತಾರೆ. ಜಾಗಕ್ಕೆ ನೂಕುನುಗ್ಗಲು. ಸುರಂಗದೊಳಗೆ ತಣ್ಣಗಿರುತ್ತದೆ, ಅಮ್ಮನಿಗೆ ಶಾಲು ಇರಲಿ.

ಹೆಜ್ಜೆಗುರುತು

ಸರ್, ಇದು ಗೊತ್ತೇ ಇರಲಿಲ್ಲ! ಟಿಕೆಟ್ ಬದಲಾಯಿಸಿದೆ. ಹಿಂಬಾಗಿಲೇ ಸೈ.

ಕಲ್ಲುಕಂಬ

ಇತಿಹಾಸದ ಮೇಷ್ಟ್ರಾಗಿದ್ದೆ, ಈಗ ನಿವೃತ್ತ. ಮಗನ ಜೊತೆ ಆ ಕಡೆ ಒಂದು ವಾರ ಇದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡ್ಕೋಬೇಡಿ.

ವಿಲ್‌ಫ್ರಾಂಶ್ ಇಳಿದ ತಕ್ಷಣ ಸಿಗೋದು ಕೋಟೆ ಊರು. ಎರಡು ಹೊಳೆ ಕೂಡುವ ಜಾಗದಲ್ಲಿ, ಎರಡು ಗುಡ್ಡಗಳ ಸಂದಿಯಲ್ಲಿ ಸಿಕ್ಕಿಸಿಟ್ಟ ಹಾಗಿದೆ. 11ನೇ ಶತಮಾನದ ಕೊನೆಯಲ್ಲಿ ಸೆರ್ದಾನ್ಯ ಎಂಬ ಪಕ್ಕದ ಸೀಮೆಯ ದೊರೆ ಕಟ್ಟಿಸಿದ ಊರು. 1659ರ ಪಿರನೀಸ್ ಒಪ್ಪಂದದಲ್ಲಿ ಈ ಸೀಮೆ ಸ್ಪೇನಿನಿಂದ ಫ್ರಾನ್ಸಿಗೆ ಬಂತು. ಆಮೇಲೆ 14ನೇ ಲೂಯಿಯ ಕೋಟೆ ಎಂಜಿನಿಯರ್ ವೊಬಾಂ ಬಂದು ಗೋಡೆ ಬಲಪಡಿಸಿದ. ಸುತ್ತ ಗುಡ್ಡ ಎತ್ತರ, ಊರು ತಗ್ಗು. ಮೇಲಿಂದ ಫಿರಂಗಿ ಹಾರಿಸಿದರೆ ಮುಗೀತು. ಅದಕ್ಕೆ ಅವನು ಗೋಡೆಯ ಮೇಲಿನ ಓಡಾಟದ ದಾರಿಗೇ ಛಾವಣಿ ಹಾಕಿಸಿದ. ಗುಡ್ಡದ ಮೇಲೆ ಇನ್ನೊಂದು ಕೋಟೆ ಕಟ್ಟಿಸಿದ, 1681ರಲ್ಲಿ. ಲಿಬೇರಿಯಾ ಕೋಟೆ ಅಂತಾರೆ. ವೊಬಾಂ ಕಟ್ಟಿಸಿದ 12 ಜಾಗಗಳು 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ಈ ಊರು ಒಂದು, ರೈಲು ದಾರಿಯ ಮೋಂ-ಲೂಯಿ ಇನ್ನೊಂದು.

ಊರಿಂದ ಲಿಬೇರಿಯಾಕ್ಕೆ ಬೆಟ್ಟದ ಹೊಟ್ಟೆಯೊಳಗೆ ಮೆಟ್ಟಿಲು ಇದೆ. 19ನೇ ಶತಮಾನದ ನಡುವೆ ಕಡೆದದ್ದು. ಹೆಸರಿಗೆ ಸಾವಿರ ಮೆಟ್ಟಿಲು, ಲೆಕ್ಕಕ್ಕೆ 734. ಕಲ್ಲು ಗುಲಾಬಿ ಅಮೃತಶಿಲೆ. ಮನೆಯ ನೆಲಕ್ಕೆ ಹಾಕೋ ಕಲ್ಲು ಸೈನಿಕರ ಬೂಟಿನ ಕೆಳಗೆ! ಇಲ್ಲಿ ಸಿಗೋದೇ ಆ ಕಲ್ಲು, ಅದಕ್ಕೆ. ನಮ್ಮಲ್ಲಿ ದನದ ಕೊಟ್ಟಿಗೆಗೆ ಬೀಟೆ ಕಂಬ ಹಾಕುತ್ತಿದ್ದರಲ್ಲ, ಹಾಗೆ.

ಆ ಕೋಟೆಯಲ್ಲಿ ಹೆಂಗಸರ ಸೆರೆಮನೆ ನೋಡಿ. 14ನೇ ಲೂಯಿಯ ಆಸ್ಥಾನದಲ್ಲಿ ವಿಷ ಹಾಕಿ ಕೊಲ್ಲುವ ಹಗರಣ ನಡೆದಿತ್ತು. ತನಿಖೆ ಮೇಲೇರುತ್ತಾ ಅರಮನೆಯ ಬಾಗಿಲಿಗೇ ಬಂದಾಗ ರಾಜ ಕಡತ ಮುಚ್ಚಿಸಿದ. ವಿಚಾರಣೆ ಆದರೆ ದೊಡ್ಡವರ ಹೆಸರು ಹೊರಗೆ ಬರುತ್ತದೆ. ಅದಕ್ಕೆ ಹಲವರನ್ನು ವಿಚಾರಣೆಯೇ ಇಲ್ಲದೆ ದೂರದ ಕೋಟೆಗಳಿಗೆ ಕಳಿಸಿದರು. ಇಲ್ಲಿಗೆ ಬಂದ ಹೆಂಗಸರು ಮತ್ತೆ ಹೊರಗೆ ಹೋಗಲಿಲ್ಲ.

ಅಮ್ಮನಿಗೆ ಮೆಟ್ಟಿಲು ಬೇಡ. ಮೇಲಕ್ಕೆ ವ್ಯಾನ್ ಇರುತ್ತದೆ, ಊರ ಬಾಗಿಲಲ್ಲಿ ವಿಚಾರಿಸಿ.

ಇನ್ನು ಮಠ. ಕಟ್ಟಿಸಿದ್ದು ಗೀಫ್ರೆದ್ ಎಂಬ ಸೆರ್ದಾನ್ಯದ ದೊರೆ, 11ನೇ ಶತಮಾನದ ಶುರುವಿನಲ್ಲಿ. ಅಣ್ಣನ ಮಗನನ್ನು ಕೊಂದ ಪಾಪ ಕಳೆಯಲಿಕ್ಕೆ ಕಟ್ಟಿಸಿದ ಅಂತ ಜನ ಕತೆ ಹೇಳುತ್ತಾರೆ. ಕತೆಗೆ ಆಧಾರ ಇಲ್ಲ. ಆದರೆ ಕೊನೆಗಾಲದಲ್ಲಿ ರಾಜ್ಯ ಬಿಟ್ಟು ಅದೇ ಮಠದಲ್ಲಿ ಸನ್ಯಾಸಿಯಾಗಿ 1049ರಲ್ಲಿ ಸತ್ತದ್ದು ನಿಜ. ಬಂಡೆಯಲ್ಲಿ ಕಡೆದ ಅವನ ಗೋರಿ ಚರ್ಚಿನ ಪಕ್ಕದಲ್ಲೇ ಇದೆ, ತೆರೆದೇ ಇದೆ. ತಾನೇ ಕಡೆದುಕೊಂಡ ಅಂತಾರೆ. 1428ರ ಭೂಕಂಪದಲ್ಲಿ ಮಠ ಕುಸಿಯಿತು. 18ನೇ ಶತಮಾನದ ಕೊನೆಗೆ ಖಾಲಿ ಬಿತ್ತು. ಊರವರು ಕೆತ್ತನೆ ಕಲ್ಲುಗಳನ್ನೆಲ್ಲ ಹೊತ್ತುಕೊಂಡು ಹೋದರು. 1902ರಲ್ಲಿ ಪರ್ಪಿನ್ಯಾಂನ ಬಿಷಪ್ ಕಾರ್ಸಲಾದ್ ಅದನ್ನು ಕೊಂಡು ಮತ್ತೆ ಕಟ್ಟಿಸಲು ಶುರು ಮಾಡಿದರು.

ಪಕ್ಕದ ಪ್ರಾದ್ ಊರಿನ ಹತ್ತಿರ ಕುಷಾ ಮಠ ಇದೆ, ಇದಕ್ಕಿಂತಲೂ ಹಳೆಯದು, ದಾರಿ ಸಮತಟ್ಟು. ವೆನಿಸ್‌ನ ಅಧಿಪತಿಯೊಬ್ಬ 978ರಲ್ಲಿ ಎಲ್ಲ ಬಿಟ್ಟು ಇಲ್ಲಿಗೆ ಬಂದು ಸನ್ಯಾಸಿಯಾದ. ಆದರೆ ಆ ಮಠದ ಅಂಗಳದ ಸುಮಾರು ಅರ್ಧದಷ್ಟು ಕಂಬ ಇವತ್ತು ನ್ಯೂಯಾರ್ಕಿನಲ್ಲಿದೆ. ಬಾರ್ನಾರ್ಡ್ ಎಂಬ ಅಮೆರಿಕದ ಶಿಲ್ಪಿ 20ನೇ ಶತಮಾನದ ಶುರುವಿಗೆ ಸುತ್ತಲಿನ ಮನೆಗಳಿಂದ ಕೊಂಡು ಸಾಗಿಸಿದ. ಈಗ ಅಲ್ಲಿನ ಕ್ಲಾಯ್ಸ್ಟರ್ಸ್ ಮ್ಯೂಸಿಯಂನಲ್ಲಿ ಟಿಕೆಟ್ ಕೊಟ್ಟು ನೋಡಬೇಕು. ಉಳಿದ ಕಂಬಗಳ ಮೇಲೆ ಸಿಂಹಗಳಿವೆ. ಹಲ್ಲು ಕಿರಿದು ತಮ್ಮ ಕಾಲನ್ನೇ ಕಚ್ಚುತ್ತವೆ. ಹಂಪಿಯ ಯಾಳಿ ನೋಡಿದವರಿಗೆ ನಗು ಬರುತ್ತದೆ.

ಸುಮ್ನೆ_ಓದುಗ

ಮೇಷ್ಟ್ರೇ, ನಾನು ಸ್ವಿಟ್ಜರ್ಲೆಂಡ್ ಮಾತು ವಾಪಸ್ ತಗೊಂಡೆ.

ಕುಡ್ಲದ_ನಡಿಗೆ

ನಡೆಯುವವರಿಗೆ ನನ್ನದು ನಾಲ್ಕು ಮಾತು. ಕನಿಗೂ ಶಿಖರ ಹತ್ತಿದ್ದೇನೆ, ಮರಿಯಾಯ್ ತಂಗುಮನೆ ಕಡೆಯಿಂದ. ತಂಗುಮನೆ 1718 ಮೀಟರ್‌ನಲ್ಲಿದೆ, ಅಲ್ಲಿಂದ ಸಾವಿರ ಮೀಟರಿಗೂ ಜಾಸ್ತಿ ಏರು. ಕೊನೆಯ ತುಂಡಿಗೆ 'ಚಿಮಣಿ' ಅಂತ ಹೆಸರು. ಬಂಡೆಯ ಸೀಳು, ಕೈ ಊರಿ ಹತ್ತಬೇಕು. ಹಗ್ಗ ಬೇಡ, ಆದರೆ ಕೆಳಗೆ ನೋಡಿದರೆ ಕೈ ಬೆವರುತ್ತದೆ. ನನ್ನ ಹಿಂದೆ ಬಂದವರ ಕಾಲಿಂದ ಒಂದು ಕಲ್ಲು ಜಾರಿ ಹೋಯಿತು, ಆ ಸದ್ದು ನಿಲ್ಲೋ ತನಕ ಯಾರೂ ಉಸಿರು ಬಿಡಲಿಲ್ಲ. 11 ವರ್ಷದ ಮಗುವಿಗೆ ಈ ದಾರಿ ಬೇಡ. ಆಚೆ ಕಡೆ ಕೋರ್ತಲೆ ತಂಗುಮನೆ, 2150 ಮೀಟರ್. ಜೀಪ್ ಟ್ಯಾಕ್ಸಿ ಮೊದಲೇ ಹೇಳಿಟ್ಟರೆ ಅಲ್ಲಿ ತನಕ ಬಿಡುತ್ತಾರೆ. ಅಲ್ಲಿಂದ ಎರಡು ಗಂಟೆಯ ಒಳಗೆ ಶಿಖರ, ದಾರಿ ಸುಲಭ. ಮೇಲೆ ಕಬ್ಬಿಣದ ಶಿಲುಬೆ, ಅದಕ್ಕೆ ಹಳದಿ-ಕೆಂಪು ಬಾವುಟ ಸುತ್ತಿರುತ್ತಾರೆ. ವರ್ಷದಲ್ಲಿ ಕೆಲವೇ ದಿನ, ಫೆಬ್ರವರಿಯಲ್ಲೂ ಅಕ್ಟೋಬರ್ ಕೊನೆಗೂ, 250 ಕಿಲೋಮೀಟರ್ ದೂರದ ಮಾರ್ಸೆಯಿಂದ ಮುಳುಗುವ ಸೂರ್ಯನ ಮುಂದೆ ಈ ಬೆಟ್ಟ ಕಪ್ಪಗೆ ಕಾಣುತ್ತದೆ.

ಅಮ್ಮ, ಮಗಳು ಇಬ್ಬರಿಗೂ ಆಗುವಂಥದ್ದು ಗೋವಾ ಗೋಪುರ. ಹೌದು, ಹೆಸರೇ ಗೋವಾ! ಪೋರ್ಚುಗೀಸರಿಗೂ ಇದಕ್ಕೂ ಸಂಬಂಧ ಇಲ್ಲ. ಹಿಂದೆ ಈ ಸೀಮೆ ಆಳಿದ ಮಯೋರ್ಕಾ ರಾಜರ ಕಾಲದ ಕಾವಲು ಗೋಪುರ, 1268 ಮೀಟರ್ ಎತ್ತರದಲ್ಲಿ. ಹಗಲು ಹೊಗೆ, ರಾತ್ರಿ ಬೆಂಕಿ ಹಾಕಿ ಒಂದು ಗುಡ್ಡದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತಿದ್ದರು. ಕೋಲ್ ದ ಜೂ ಎಂಬ ಕಣಿವೆ ತನಕ ಟ್ಯಾಕ್ಸಿಯಲ್ಲಿ ಹೋದರೆ ಆಮೇಲೆ ನಡೆಯೋದು ಅರ್ಧ-ಮುಕ್ಕಾಲು ಗಂಟೆ.

ಕರಾಂಸಾ ಕಮರಿಯೂ ಹೆಸರುವಾಸಿ. ಬಂಡೆಗೆ ಮೊಳೆ ಹೊಡೆದು ಕಟ್ಟಿದ ಹಲಗೆ ದಾರಿ, ತೂಗುಸೇತುವೆ. ಕಲ್ಲು ಉರುಳಿದರೆ ದಾರಿ ಮುಚ್ಚುತ್ತಾರೆ, ತೆರೆದಿದೆಯಾ ಅಂತ ಕೇಳಿಕೊಂಡೇ ಹೋಗಿ.

ಕುರಿ ಮಂದೆ ಕಂಡರೆ ಹುಷಾರು. ನಡುವೆ ದೊಡ್ಡ ಬಿಳಿ ನಾಯಿ ಇರುತ್ತದೆ, 'ಪತೂ' ಅಂತಾರೆ. ಕುರಿ ಅಂತಲೇ ತಿಳಿದುಕೊಂಡು ಹತ್ತಿರ ಹೋಗುವ ಹಾಗೆ ಇರುತ್ತದೆ. ಅದರ ಕೆಲಸ ಮಂದೆ ಕಾಯೋದು. ಕೋಲು ಎತ್ತಬೇಡಿ, ಓಡಬೇಡಿ. ನಿಂತು ಮೆಲ್ಲಗೆ ಮಾತಾಡಿ, ಮಂದೆಗೆ ದೂರದ ಸುತ್ತು ಹಾಕಿ ಹೋಗಿ.

ಮಳೆಯೂರು

ಆ ಕಡೆ ಮಳೆ ಹೇಗೆ? ಬಿಸಿಲ ಸೀಮೆ ಅಂತ ಕೊಡೆ ಬಿಟ್ಟು ಹೋಗಬಹುದಾ?

ಕಲ್ಲುಕಂಬ

ಬಿಸಿಲ ಸೀಮೆಯೇ. ಆದರೆ ಶರತ್ಕಾಲದಲ್ಲಿ ಸಮುದ್ರದ ಮೋಡ ಬಂದು ಈ ಬೆಟ್ಟಕ್ಕೆ ತಾಗಿದರೆ ಮುಗೀತು. 1940ರ ಅಕ್ಟೋಬರ್‌ನಲ್ಲಿ ಕನಿಗೂ ಆಚೆ ಬದಿಯ ಒಂದು ಊರಲ್ಲಿ 24 ಗಂಟೆಯಲ್ಲಿ 840 ಮಿಲಿಮೀಟರ್ ಸುರಿಯಿತು. ಆಗುಂಬೆಯವರೂ ಹುಬ್ಬೇರಿಸುವ ಲೆಕ್ಕ. ವೆರ್ನೆಯಲ್ಲಿ ಕಾದಿ ಹೊಳೆ ಉಕ್ಕಿ ಹೊಟೇಲುಗಳನ್ನೇ ಕೊಚ್ಚಿಕೊಂಡು ಹೋಯಿತು. ಅದಕ್ಕೆ ಮೊದಲು ಆ ಊರು ಇಂಗ್ಲಿಷರಿಂದ ತುಂಬಿರುತ್ತಿತ್ತು. ಚಳಿಗಾಲ ಕಳೆಯಲು, ಬಿಸಿನೀರಲ್ಲಿ ಮುಳುಗಲು ಬರುತ್ತಿದ್ದರು. ಮುಂಬೈಯಲ್ಲಿ ಹುಟ್ಟಿದ ಕಿಪ್ಲಿಂಗ್ ಕೂಡ 1910ರಿಂದ ಹೆಂಡತಿಯ ಆರೋಗ್ಯಕ್ಕಾಗಿ ಇಲ್ಲಿಗೆ ಬರುತ್ತಿದ್ದ. ಊರ ಹತ್ತಿರದ ಜಲಪಾತಕ್ಕೆ ಈಗಲೂ 'ಇಂಗ್ಲಿಷರ ಜಲಪಾತ' ಅಂತಲೇ ಹೆಸರು. ಪ್ರವಾಹದ ನಂತರ ಆ ಕಾಲ ಮತ್ತೆ ಬರಲಿಲ್ಲ.

ಕೊಡೆ ತಗೊಂಡೇ ಹೋಗಲಿ.

ಹೆಜ್ಜೆಗುರುತು

ಊಟದ ಬಗ್ಗೆ ಯಾರಾದರೂ ಹೇಳಿ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ.

ಟುಲೂಸಿನ_ಅಕ್ಕ

ಮನೆ ಬಾಡಿಗೆಗೆ ಹಿಡಿದದ್ದು ಒಳ್ಳೆಯದಾಯಿತು. ಕುಕ್ಕರ್, ಬೇಳೆ, ಸಾರಿನ ಪುಡಿ ತಗೊಂಡು ಹೋಗಿ. ಹಳ್ಳಿಯ ಹೊಟೇಲಲ್ಲಿ ಮಧ್ಯಾಹ್ನ 12ರಿಂದ 2 ಅಷ್ಟೇ. ಎರಡೂವರೆಗೆ ಹೋದರೆ ಗಂಗಾಳ ತೊಳೆಯುತ್ತಿರುತ್ತಾರೆ. ಅಂಗಡಿಯೂ ಮಧ್ಯಾಹ್ನ ಮುಚ್ಚುತ್ತದೆ.

ಅಲ್ಲಿ ಕತಲಾನ್ ಅಡುಗೆ, ಗಡಿಯಾಚೆ ಸ್ಪೇನಿನ ಕತಲೋನಿಯಾದ ಥರದ್ದು. ಬಸವನಹುಳು ಸುಡುತ್ತಾರೆ, ಆ ವಾಸನೆ ಬಂದ ಕಡೆ ಅಮ್ಮನನ್ನು ಕರ್ಕೊಂಡು ಹೋಗಬೇಡಿ. ಎಲೆಕೋಸು-ಆಲೂಗಡ್ಡೆ ಹುರಿದ ರೊಟ್ಟಿಯಂಥದ್ದು ಸಿಗುತ್ತದೆ. ನೋಡಲು ಸಾತ್ವಿಕ, ಒಳಗೆ ಹಂದಿ ಚೂರು ಇರುತ್ತದೆ. ಕೇಳಬೇಕಾದದ್ದು 'ಎಸ್ಕಲಿವಾದಾ'. ಬದನೆಕಾಯಿ, ದಪ್ಪ ಮೆಣಸಿನಕಾಯಿ ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ಸೀಳಿ, ಆಲಿವ್ ಎಣ್ಣೆ ಹಾಕಿ ಕೊಡುತ್ತಾರೆ. ಮೇಲೆ ಕೆಲವರು ಸಣ್ಣ ಮೀನು ಇಡುತ್ತಾರೆ, ಬೇಡ ಅಂತ ಮೊದಲೇ ಹೇಳಿ. ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿಗೆ ಹುಣಸೆ, ಒಗ್ಗರಣೆ ಮರೆತ ಹಾಗಿರುತ್ತದೆ ಅಷ್ಟೇ.

ಬಿಸಿನೀರಿಗೆ ಹೋಗೋದಾದರೆ ಸೇಂಟ್ ಥಾಮಸ್ ಎಂಬಲ್ಲಿ ಬಯಲಿನ ಕೊಳಗಳಿವೆ, ಸುತ್ತ ಕಾಡು. ಸಡಿಲ ಬಟ್ಟೆಯಲ್ಲಿ ಇಳಿಯಲು ಬಿಡುವುದಿಲ್ಲ. ಅಮ್ಮನಿಗೆ ಇದನ್ನು ಮೊದಲೇ ಹೇಳಿಬಿಡಿ, ಅಲ್ಲಿ ಹೋಗಿ ಮುಜುಗರ ಬೇಡ.

ಹೆಜ್ಜೆಗುರುತು

*ಮೂರು ವಾರದ ನಂತರ*

ಹೋಗಿ ಬಂದೆವು. ವರದಿ ಕೊಡದಿದ್ದರೆ ಮೇಷ್ಟ್ರು ಬೈತಾರೆ.

ಹಳದಿ ರೈಲು: ಚಾವಣಿ ಇಲ್ಲದ ಬೋಗಿ ಸಿಕ್ಕಿತು. ತೂಗುಸೇತುವೆ ಮೇಲೆ ಮಗಳು ಕಣ್ಣು ಮುಚ್ಚಿದಳು, ಅಮ್ಮ ಬಗ್ಗಿ ಕೆಳಗೆ ನೋಡಿದರು. ಒದೆಯೋ ಎಂಬ ಊರಿನ ಸೌರ ಕುಲುಮೆ ದಾರಿಯಲ್ಲೇ ಕಂಡಿತು. ಇಳಿದು ನೋಡಿದ್ದು ಐದನೇ ದಿನ. ಗುಡ್ಡದ ಇಳಿಜಾರಲ್ಲಿ 63 ಚಪ್ಪಟೆ ಕನ್ನಡಿಗಳು ಸೂರ್ಯನ ಹಿಂದೆಯೇ ತಿರುಗುತ್ತವೆ. ಅವು ಬಿಸಿಲನ್ನು ಎದುರಿನ 54 ಮೀಟರ್ ಎತ್ತರದ ಬಾಗಿದ ಕನ್ನಡಿಗೆ ಎಸೆಯುತ್ತವೆ. ಅದು ಒಂದೇ ಕಡೆ ಕೂಡಿಸಿದರೆ 3000 ಡಿಗ್ರಿ ದಾಟುತ್ತದೆ. "ಹಪ್ಪಳ ಒಣಗಿಸಬಹುದಿತ್ತು" ಅಂದರು ಅಮ್ಮ.

ವಿಲ್‌ಫ್ರಾಂಶ್: ಊರ ಬಾಗಿಲ ಮೇಲೆ ಹಳದಿ-ಕೆಂಪು ಬಾವುಟ, ಅಂಗಡಿಗಳಲ್ಲೂ ಹಳದಿ-ಕೆಂಪು. ಅಮ್ಮ ನಿಂತುಬಿಟ್ಟರು. "ಇಲ್ಲೂ ರಾಜ್ಯೋತ್ಸವನಾ?" ಕತಲಾನ್ ಬಾವುಟ ಅದು, ಹಳದಿ ಮೇಲೆ ನಾಲ್ಕು ಕೆಂಪು ಗೆರೆ. ಊರ ಫಲಕದಲ್ಲಿ ಎರಡು ಭಾಷೆ, ಫ್ರೆಂಚ್ ಮತ್ತು ಕತಲಾನ್. ಅಮ್ಮನಿಗೆ ಆ ದಿನದಿಂದ ಊರಿನ ಮೇಲೆ ಒಂದು ಥರ ಅಭಿಮಾನ ಬಂತು.

ಎಡವಟ್ಟು: ಅದೇ ಸಂಜೆ ವೆರ್ನೆಗೆ ಹೋಗೋ ಕೊನೆ ಬಸ್ ಬರಲೇ ಇಲ್ಲ. ವೇಳಾಪಟ್ಟಿಯ ಪಕ್ಕ ಪುಟ್ಟ ಅಕ್ಷರ ಇತ್ತು, ಅದು ಶಾಲೆ ಇರುವ ದಿನ ಮಾತ್ರ. ಅವತ್ತು ಶನಿವಾರ. ಐದೂವರೆ ಕಿಲೋಮೀಟರ್ ಏರು, ಕತ್ತಲಾಗ್ತಾ ಇದೆ. ಒಬ್ಬ ಹೆಂಗಸು ಸೇಬಿನ ಕ್ರೇಟುಗಳ ವ್ಯಾನ್ ನಿಲ್ಲಿಸಿ ಹತ್ತಿಸಿಕೊಂಡರು. ಅಮ್ಮನ ಮಡಿಲಲ್ಲಿ ಒಂದು ಕ್ರೇಟ್. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು, ಆದರೂ ದಾರಿಯುದ್ದ ಮಾತು. ಇಳಿಯುವಾಗ ಆರು ಸೇಬು ಕೊಟ್ಟರು. ಅಮ್ಮ ಚೀಲದಿಂದ ಏಲಕ್ಕಿ ಪೊಟ್ಟಣ ತೆಗೆದು ಕೊಟ್ಟರು.

ಈಗ ಮಠ. ಭಾನುವಾರ ಮಧ್ಯಾಹ್ನದ ಟೂರ್‌ಗೆ ಹೊರಟೆವು. ಒಳಗೆ ನೋಡಬೇಕಾದರೆ ಗೈಡ್ ಜೊತೆಯೇ, ಹೇಳಿದ ಹೊತ್ತಿಗೇ. ನಾನು ಗಡಿಯಾರ ನೋಡ್ತಾ "ಬೇಗ ಬೇಗ" ಅಂತ ಎಳೆದೆ. ಬಿಸಿಲು. ಮೂರನೇ ತಿರುವಿನಲ್ಲಿ ಅಮ್ಮ ಕಟ್ಟೆ ಮೇಲೆ ಕೂತರು, ಮಂಡಿ ಹಿಡ್ಕೊಂಡಿತ್ತು. ವಾಪಸ್ ಬಂದೆವು. ದಾರಿಯುದ್ದ ಯಾರೂ ಮಾತಾಡಲಿಲ್ಲ. @ಸುಮ್ನೆ_ಓದುಗ ಅವರ ಮಾತು ನೆನಪಾಯಿತು, ನಿಜ ಹೇಳ್ತೀನಿ.

ಮರುದಿನಕ್ಕೆ ನಾನು ಬರೀ ಪಾರ್ಕು ಅಂತ ಯೋಚಿಸಿದ್ದೆ. ಬೆಳಿಗ್ಗೆ ಎಂಟೂವರೆಗೆ ಎದ್ದರೆ ಅಮ್ಮ ಮನೆಯಲ್ಲಿ ಇಲ್ಲ. ಮಗಳಿಗೆ ಮಾತ್ರ ಗೊತ್ತಿತ್ತು. "ಅಜ್ಜಿ ಬೆಳಕಾದ ಕೂಡಲೇ ಹೋದ್ರು. ನಿಮ್ಮ ಗಡಿಬಿಡಿಯಲ್ಲಿ ನಡೆಯೋಕೆ ಆಗಲ್ವಂತೆ." ಕಾಸ್ತೆಯ್‌ಗೆ ಓಡಿದೆವು. ಅರ್ಧ ಹತ್ತಿದಾಗ ಫೋನ್ ಬಂತು. "ನಾನು ಮೇಲಿದೀನಿ. ನೀನು ನಿಧಾನ ಬಾ, ಏದುಸಿರು ಬಿಡ್ತಿದೀಯ."

ನಾವು ಮುಟ್ಟಿದಾಗ ಅಮ್ಮ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗಳ ಹಳೇ ಸ್ನೀಕರ್ ಹಾಕಿಕೊಂಡು, ಗೋಡೆ ನೆರಳಲ್ಲಿ ಕೂತು ಸೇಬು ತಿನ್ನುತ್ತಿದ್ದರು. ಒಂದು ಮುಕ್ಕಾಲು ಗಂಟೆ ತಗೊಂಡರಂತೆ, ಕಾಸ್ತೆಯ್‌ನಿಂದ. ಪ್ರತಿ ತಿರುವಿಗೂ ಕೂತು, ವಿಷ್ಣು ಸಹಸ್ರನಾಮದಲ್ಲಿ ಹತ್ತು ಶ್ಲೋಕ ಹೇಳಿ ಏಳೋದು. ಅದೇ ಅವರ ಗಡಿಯಾರ.

ಬೆಳಗಿನ ಟೂರ್‌ಗೆ ಮೂವರೂ ಹೋದೆವು. ಗೈಡ್ ಹೇಳಿದ್ದನ್ನು ನಾನು ಅರ್ಧಂಬರ್ಧ ಕನ್ನಡಕ್ಕೆ ತಂದೆ. ಕೆಳಗಿನ ಚರ್ಚು ಕತ್ತಲೆ, ತಗ್ಗು ಛಾವಣಿ, ತಣ್ಣಗೆ. ಅಮ್ಮ ಕಂಬ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಹೊರಗೆ ಗೀಫ್ರೆದನ ಗೋರಿ: ಬಂಡೆಯಲ್ಲಿ ಒಂದಾಳುದ್ದ ತೋಡು, ಒಳಗೆ ಒಣ ಎಲೆ, ಒಂದು ಇರುವೆ ಸಾಲು. ತಾನೇ ಕಡೆದುಕೊಂಡ ದೊರೆ ಅಂತ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ಅಳತೆ ಸರಿ ಇರುತ್ತೆ ಬಿಡು" ಅಂದರು.

ಆ ಪ್ರಸಿದ್ಧ ಫೋಟೋ ಮಠದಿಂದ ಅಲ್ಲ, ಇನ್ನೂ ಸ್ವಲ್ಪ ಮೇಲೆ ಹತ್ತಿ ಹಿಂದೆ ತಿರುಗಿದರೆ ಸಿಗುವ ನೋಟ. ಅಲ್ಲಿಗೂ ಬಂದರು.

ಟುಲೂಸಿನ_ಅಕ್ಕ

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಹತ್ತು ಶ್ಲೋಕದ ಲೆಕ್ಕ ನಾನೂ ಇಟ್ಟುಕೊಳ್ಳುತ್ತೇನೆ.

ಕಲ್ಲುಕಂಬ

ಎರಡು ಭಾಷೆಯ ಫಲಕದ ಬಗ್ಗೆ ಒಂದು ಸೇರಿಸುತ್ತೇನೆ. 1700ರಲ್ಲಿ 14ನೇ ಲೂಯಿ ಅಪ್ಪಣೆ ಹೊರಡಿಸಿದ: ಈ ಸೀಮೆಯ ದಸ್ತಾವೇಜುಗಳೆಲ್ಲ ಇನ್ನು ಫ್ರೆಂಚ್‌ನಲ್ಲೇ ಇರಬೇಕು, ಇಲ್ಲದಿದ್ದರೆ ಊರ್ಜಿತವಲ್ಲ. ಆಮೇಲೆ ಶಾಲೆಯಲ್ಲೂ ಕತಲಾನ್ ಆಡಲು ಬಿಡಲಿಲ್ಲ. ಈಗ ಫಲಕದಲ್ಲಿದೆ, ಕೆಲವು ಶಾಲೆಗಳಲ್ಲಿದೆ, ಅಜ್ಜಂದಿರ ಬಾಯಲ್ಲಿದೆ. ಪ್ರಾದ್‌ನಲ್ಲಿ ನೆಲೆಸಿದ್ದ ಚೆಲ್ಲೋ ವಾದಕ ಕಸಾಲ್ಸ್ ಕೂಡ ಕತಲೋನಿಯಾದವರೇ. ಸರ್ವಾಧಿಕಾರಿ ಫ್ರಾಂಕೋ ಆಳ್ವಿಕೆಯ ಸ್ಪೇನ್ ಬೇಡ ಅಂತ ಗಡಿ ದಾಟಿ ಬಂದವರು. 1950ರಲ್ಲಿ ಅವರಿಂದ ಶುರುವಾದ ಸಂಗೀತೋತ್ಸವ ಈಗಲೂ ಬೇಸಿಗೆಯಲ್ಲಿ ನಡೆಯುತ್ತದೆ, ಕುಷಾ ಮಠದಲ್ಲೂ ಕಛೇರಿ ಇರುತ್ತದೆ.

ಘಟ್ಟದ_ರೈಲು

ಎಲ್ಲ ಸರಿ, ಮಗಳು ಮೆಟ್ಟಿಲು ಎಣಿಸಿದಳಾ?

ಹೆಜ್ಜೆಗುರುತು

ಎಣಿಸಿದಳು ಸರ್, 731 ಬಂತು. ನಡುವೆ ಒಂದು ಸಲ ಸೀನು ಬಂತಂತೆ.

ಕುಡ್ಲದ_ನಡಿಗೆ

ಮುಂದಿನ ಸಲ ಜೂನ್‌ನಲ್ಲಿ ಹೋಗಿ. ಸೇಂಟ್ ಜಾನ್ ಹಬ್ಬಕ್ಕೆ ಮೊದಲು ಊರೂರಿನವರು ಸೌದೆ ಕಟ್ಟು ಹೊತ್ತು ಕನಿಗೂ ತುದಿಗೆ ಹೋಗುತ್ತಾರೆ. ಪರ್ಪಿನ್ಯಾಂನಲ್ಲಿ ವರ್ಷವಿಡೀ ಆರದಂತೆ ಕಾಪಾಡಿದ ದೀಪವನ್ನು ಮೇಲೆ ತಂದು, ರಾತ್ರಿ ಬೆಂಕಿ ಹಚ್ಚಿ, ಆ ಬೆಂಕಿಯನ್ನು ಕೆಳಗಿನ ಊರುಗಳಿಗೆ ಒಯ್ಯುತ್ತಾರೆ. ಜೂನ್ 23ರ ಸಂಜೆ ಎಲ್ಲ ಊರಲ್ಲೂ ಅದೇ ಬೆಂಕಿ. 1955ರಿಂದ ನಡೆದು ಬಂದಿದೆ. ಫೆಬ್ರವರಿ ಸಿಕ್ಕರೆ ಬೆಟ್ಟದ ಆಚೆ ಬದಿಯಲ್ಲಿ ಕರಡಿ ಹಬ್ಬ. ಮಸಿ, ಎಣ್ಣೆ ಬಳಿದುಕೊಂಡ ಕರಡಿಗಳು ಜನರನ್ನು ಅಟ್ಟಿಸಿಕೊಂಡು ಹೋಗಿ ಮಸಿ ಮೆತ್ತುತ್ತವೆ. ಹುಲಿವೇಷ ನೋಡಿ ಬೆಳೆದ ನನಗೇ ಓಡಬೇಕು ಅನ್ನಿಸಿತು.

ಹೆಜ್ಜೆಗುರುತು

ಇದನ್ನು ಅಮ್ಮನಿಗೆ ಓದಿ ಹೇಳಿದೆ. ಕೇಳುತ್ತಿದ್ದಾರೆ: "ಸೌದೆ ಹೊರೋದಕ್ಕೆ ನಮ್ಮನ್ನೂ ಸೇರಿಸ್ಕೋತಾರಾ?"

ಟುಲೂಸಿನ_ಅಕ್ಕ

ಸೇರಿಸ್ಕೋತಾರೆ. ಒಂದು ಸಣ್ಣ ಕಟ್ಟು ಸಾಕು, ಕೋರ್ತಲೆ ತನಕ ಜೀಪಲ್ಲಿ ಬನ್ನಿ. ಮೇಲೆ ಜೂನ್‌ನಲ್ಲೂ ಹಿಮ ಉಳಿದಿರಬಹುದು. ಅಮ್ಮನಿಗೆ ಒಂದು ಜೊತೆ ಗಟ್ಟಿ ಬೂಟು ಕೊಡಿಸಿ, ಮೊಮ್ಮಗಳ ಸ್ನೀಕರ್ ಬೇಡ.